ಮರದ ಚಿತ್ರಕ್ಕೂ ಕಲಾವಿದರ ಹೆಸರಿರಲಿ

ಮಾನ್ಯರೇ,

ಮೈಸೂರಿನ ಬೀಟೆಮರದ ಇನ್ಲೇ ಚಿತ್ರಗಳು (ಬೀಟೆ ಹಲಗೆಯಲ್ಲಿ ಬೇರೆ ಮರದ ತುಂಡುಗಳನ್ನು ಕೂರಿಸಿ ಮಾಡಿದ ಚಿತ್ರಗಳು) ಅಂಗಡಿಗಳಲ್ಲಿ ಬಹಳ ಸಲ ಮಾಡಿದವರ ಹೆಸರೇ ಇಲ್ಲದೆ ಮಾರಾಟವಾಗುತ್ತಿವೆ. ಇದು ಸರಿಯಲ್ಲ. ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ನೋಡಿ ಬೆರಗಾಗುವ ನಾವು, ಅದೇ ಕಸುಬನ್ನು ಇಂದಿಗೂ ಮುಂದುವರಿಸುತ್ತಿರುವವರು ಯಾರೆಂದು ಕೇಳುವುದಿಲ್ಲ.

ಒಂದು ಹಳ್ಳಿಯ ನೋಟ ಮಾಡಬೇಕಾದರೆ ಮೊದಲು ಕಾಗದದ ಮೇಲೆ ಚಿತ್ರ ಬರೆಯಬೇಕು. ಆಮೇಲೆ ಬೆಟ್ಟ, ಗುಡಿಸಲು, ಎತ್ತು ಎಲ್ಲವನ್ನೂ ಬೇರೆ ಬೇರೆ ಮರದ ತೆಳು ಹಲಗೆಯಲ್ಲಿ ಸಣ್ಣ ಗರಗಸದಿಂದ ಕತ್ತರಿಸಬೇಕು. ಬೀಟೆ ಹಲಗೆಯಲ್ಲಿ ಅಷ್ಟೇ ಅಳತೆಯ ಗುಳಿ ತೋಡಿ, ತುಂಡುಗಳನ್ನು ಅಂಟಿಸಿ, ಉಜ್ಜಿ, ಪಾಲಿಶ್ ಹಾಕಬೇಕು. ಮರದ ಸಹಜ ಬಣ್ಣವೇ ಇಲ್ಲಿ ಬಣ್ಣ. ಹಲಸಿನ ಹಳದಿ ಬಿಸಿಲಾಗುತ್ತದೆ, ಮರದ ಎಳೆ ನೀರಿನ ಅಲೆಯಾಗುತ್ತದೆ. ಯಾವ ಎಳೆ ಎಲ್ಲಿ ಕೂರಬೇಕೆಂದು ಗುರುತಿಸುವ ಕಣ್ಣು ಚಿತ್ರಕಾರನದ್ದೇ ಅಲ್ವಾ? ಈ ಕಸುಬಿಗೆ ಸಿಕ್ಕಿರುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಊರಿನ ಹೆಸರನ್ನು ಕಾಪಾಡುತ್ತದೆ ನಿಜ. ಆದರೆ ಕೆಲಸ ಮಾಡಿದ ಕೈ ಯಾರದ್ದು ಎಂದು ಅದು ಹೇಳುವುದಿಲ್ಲ.

ಪ್ರತಿ ಚಿತ್ರದ ಹಿಂಬದಿಯಲ್ಲಿ ಚಿತ್ರ ಬರೆದವರ, ಮರ ಕತ್ತರಿಸಿ ಕೂರಿಸಿದವರ ಹೆಸರು ಮತ್ತು ವರ್ಷವನ್ನು ಮಳಿಗೆಗಳು ಬರೆಸಲಿ. ಮೈಸೂರಿನ ದಸರಾ ವಸ್ತುಪ್ರದರ್ಶನದಿಂದಲೇ ಇದನ್ನು ಶುರು ಮಾಡಬಹುದು.

– ಒಬ್ಬ ಓದುಗ, ಮೈಸೂರು