ಮೇಷ್ಟ್ರು ಬೇಡ ಅಂದ ಚಿತ್ರಗಳು

ತೀರಿಹೋದ ನಮ್ಮ ಗೆಳೆಯ ಹಾಸನದ ಬೀದಿಗಳಲ್ಲಿ ತೆಗೆದ ಫೋಟೋಗಳ ಪ್ರದರ್ಶನ ನಿನ್ನೆ ಸಂಜೆ ಮುಗಿಯಿತು. ಬಂದವರಿಗೆಲ್ಲ ನಮಸ್ಕಾರ. ಅವನು ಹೇಗೆ ಹೋದ, ಆಮೇಲೆ ಏನೇನಾಯಿತು ಅನ್ನುವುದು ನಿಮಗೆ ಗೊತ್ತೇ ಇದೆ, ಇಲ್ಲಿ ಬೇಡ.

ಪ್ರಿಂಟ್ ಹಾಕಿಕೊಟ್ಟವರು, ಫ್ರೇಮ್ ಅಂಗಡಿಯವರು, ಲೈಟ್ ಕಟ್ಟಿದ ಹುಡುಗರು, ಹೊತ್ತು ಹೊತ್ತಿಗೆ ಕಾಫಿ ಕಳಿಸಿದ ಸಂತೆಪೇಟೆಯ ಮನೆಯವರು, ಎಲ್ಲರಿಗೂ ಋಣಿಗಳು. ಉಳಿದ ಋಣವೆಲ್ಲ ಡ್ರಾಯಿಂಗ್ ಮೇಷ್ಟ್ರಿಗೆ.

ಹಾರ್ಡ್ ಡಿಸ್ಕ್ ತುಂಬ ಸಾವಿರಗಟ್ಟಲೆ ಚಿತ್ರ, ಗೋಡೆಯಲ್ಲಿ ಜಾಗ ಇದ್ದದ್ದು ನಲವತ್ತಕ್ಕೆ. ನಮ್ಮ ಕೈಲಿ ಒಂದನ್ನೂ ಬಿಡಲಾಗಲಿಲ್ಲ. ಹೋದವನು ತೆಗೆದದ್ದು ಅಂದಮೇಲೆ ಅಲುಗಿದ ಫೋಟೋ ಕೂಡ ಚೆಂದವೇ. ಆರಿಸಿಕೊಡಲು ಒಂದು ರಾತ್ರಿ ಮೇಷ್ಟ್ರು ಬಂದು ಬೆಳಗಿನ ತನಕ ನೆಲದ ಮೇಲೆ ಕೂತರು. 4×6 ಇಂಚಿನ ಅಗ್ಗದ ಪ್ರಿಂಟ್‌ಗಳನ್ನು ಹರಡಿಸಿದರು. ಇದು ಯಾವಾಗ ತೆಗೆದದ್ದು, ಅವತ್ತು ಅವನು ಏನಂದ ಅಂತ ಯಾರೂ ಬಾಯಿ ಬಿಡಕೂಡದು ಅಂದರು. ಮೊದಲ ಸುತ್ತಿನಲ್ಲಿ ಬೇಕು, ಬೇಡ, ನೋಡೋಣ ಅಂತ ಮೂರು ರಾಶಿ. ಎರಡನೇ ಸುತ್ತಿನಲ್ಲಿ ಪ್ರತಿ ಚಿತ್ರವನ್ನೂ ತಲೆಕೆಳಗು ಹಿಡಿದರು. ಹಾಗೆ ಹಿಡಿದರೆ ಮುಖವೂ ಕತೆಯೂ ಹಿಂದೆ ಸರಿದು ಬೆಳಕು, ಗೆರೆ, ಅಂಚು ಮುಂದೆ ಬರುತ್ತವೆ. ಅಂಚಿನಲ್ಲಿ ಅರ್ಧ ತುಂಡಾದ ಕೈ, ಯಾರದೋ ತಲೆಯಿಂದ ಮೊಳೆತಂತಿರುವ ಕರೆಂಟ್ ಕಂಬ ತಟ್ಟನೆ ಕಣ್ಣಿಗೆ ಬೀಳುತ್ತವೆ.

ನ್ಯೂಯಾರ್ಕಿನ ಬೀದಿ ಫೋಟೋಗ್ರಾಫರ್ ಗ್ಯಾರಿ ವಿನೋಗ್ರ್ಯಾಂಡ್ ತಾನು ತೆಗೆದ ಫಿಲ್ಮನ್ನು ಬೇಕಂತಲೇ ವರ್ಷಗಟ್ಟಲೆ ತೊಳೆಯದೆ (ಡೆವಲಪ್ ಮಾಡದೆ) ಇಡುತ್ತಿದ್ದ. ತೆಗೆಯುವಾಗಿನ ಹುರುಪು ಆರಿದ ಮೇಲೆಯೇ ಆರಿಸಬೇಕು ಅನ್ನುವುದು ಅವನ ಲೆಕ್ಕ. 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲ್‌ಗಳೇ ಸುಮಾರು 2,500 ಉಳಿದಿದ್ದವು. ಅಷ್ಟು ಕಾಯುವ ಪುರುಸೊತ್ತು ನಮಗಿರಲಿಲ್ಲ. ಕಾಲ ಮಾಡುವ ಆ ಕೆಲಸವನ್ನು ಮೇಷ್ಟ್ರು ಒಂದೇ ರಾತ್ರಿಯಲ್ಲಿ ಮಾಡಬೇಕಾಯಿತು.

ಬೆಳಗಿನ ಜಾವ ಒಂದು ಪ್ರಿಂಟ್ ಹಿಡಿದುಕೊಂಡು ಎದ್ದು ಹೊರಗೆ ಹೋದರು. ಅಂಗಡಿಯ ಗಾಜಿನಲ್ಲಿ ನಮ್ಮ ಗೆಳೆಯನೇ ಕಾಣುವ ಚಿತ್ರ, ಕ್ಯಾಮೆರಾ ಎದೆಮಟ್ಟದಲ್ಲಿ. ಎಷ್ಟೋ ಹೊತ್ತಿನ ಮೇಲೆ ಬಂದು, "ಗಾಜಿನ ಹೊಳಪು ಜಾಸ್ತಿಯಾಯ್ತು ಕಣ್ರೋ, ಬೇಡ" ಅಂತ ಬೇಡದ ರಾಶಿಗೆ ಹಾಕಿದರು. ಕೈ ನಡುಗುತ್ತಿತ್ತು. ನಮಗೆ ಸಿಟ್ಟೇ ಬಂತು. ಅದು ಇರಬೇಕಿತ್ತು ಅನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಇರಲಿ. ತಾನು ಕಾಣದಂತೆ ನೋಡುವುದನ್ನೇ ಅಭ್ಯಾಸ ಮಾಡಿಕೊಂಡಿದ್ದವನನ್ನು ಗೋಡೆಗೆ ಎಳೆದು ತರುವ ಹಕ್ಕು ಯಾರಿಗಿತ್ತು?

ಹಾಗಂತ ಅವನು ದೂರದಿಂದ ಜೂಮ್ ಹಾಕಿದವನಲ್ಲ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ, 28 ಎಂಎಂನ ಅಗಲ ನೋಟದ ಲೆನ್ಸ್, ಬೆಳಕಿನ ಕಿಂಡಿ ಎಫ್/8ಕ್ಕೆ ಕಿರಿದು, ಶಟರ್ ಸೆಕೆಂಡಿನ 1/250. ಫೋಕಸನ್ನು 2.5 ಮೀಟರಿಗೆ ನಿಲ್ಲಿಸಿಬಿಟ್ಟರೆ ಸುಮಾರು 1.4 ಮೀಟರಿನಿಂದ 10 ಮೀಟರಿನ ತನಕ ಎಲ್ಲವೂ ಸ್ಪಷ್ಟ. ಆಟೋಫೋಕಸ್ ತಡಕಾಡುವ ಗೊಡವೆಯೇ ಇಲ್ಲ. ಕಟ್ಟಿನಕೆರೆ ಮಾರುಕಟ್ಟೆಯ ಟಾರ್ಪಾಲಿನ ಕೆಳಗೆ ಬೆಳಕು ಸಾಲದೆ ಈ ಲೆಕ್ಕ ಕೆಡುತ್ತದೆ. ಶಟರನ್ನು 1/60ಕ್ಕೆ ಇಳಿಸಿದರೆ ನಡೆಯುವವರ ಕಾಲು ಅಲುಗುತ್ತವೆ, ಕಿಂಡಿಯನ್ನು ಎಫ್/4ಕ್ಕೆ ತೆರೆದರೆ ಸ್ಪಷ್ಟ ಬರುವ ಜಾಗ 1.8ರಿಂದ 4 ಮೀಟರಿಗೆ ಕುಗ್ಗುತ್ತದೆ. ಅವನು ಎರಡನ್ನೂ ಮುಟ್ಟದೆ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್ಒವನ್ನು 1600ಕ್ಕೆ ಏರಿಸುತ್ತಿದ್ದ, ಚಿತ್ರದಲ್ಲಿ ಮರಳು ಚೆಲ್ಲಿದಂಥ ಗ್ರೇನ್ ಬಂದರೆ ಬರಲಿ ಅಂತ. ಕಪ್ಪು ಬಿಳುಪು ಮಾಡಿ ಗ್ರೇನ್ ಮುಚ್ಚುವ ಚಾಳಿ ಮಾತ್ರ ಇರಲಿಲ್ಲ, ಪುಣ್ಯ.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಎಲ್ಲರ ಕ್ಯಾಮೆರಾ ಗುಡಿಯ ಕಡೆ. ಅವನದು ಸಾಲಿನ ಕಡೆ. ಒಂದು ಚಿತ್ರದಲ್ಲಿ ದರ್ಶನ ಮುಗಿಸಿದ ಅಜ್ಜಿಯೊಬ್ಬರು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕುಂಕುಮದ ಪೊಟ್ಟಣ ಗಂಟು ಹಾಕುತ್ತಿದ್ದಾರೆ. ಬ್ಯಾರಿಕೇಡಿನ ಆಚೆ ಪೊಲೀಸಿನವನು ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದಾನೆ. ಅಜ್ಜಿಯ ಲೋಕ ಪೊಲೀಸಿನವನಿಗಿಲ್ಲ, ಅವನದು ಅಜ್ಜಿಗಿಲ್ಲ. ಇದಕ್ಕೆ "ಭಕ್ತಿ" ಅಂತ ಹೆಸರಿಡಲು ಹೊರಟಿದ್ದೆವು. ಮೇಷ್ಟ್ರು ಊರು, ವರ್ಷ ಸಾಕು ಅಂದರು.

ಪ್ರಿಂಟ್‌ಗಳನ್ನು 12×18 ಇಂಚಿನಲ್ಲೇ ಹಾಕಿಸಿದ್ದೂ ಅವರ ಮಾತಿಗೇ: ಉದ್ದ ಅಗಲ 3:2 ಇರುವ ಚಿತ್ರ ಅದರಲ್ಲಿ ಒಂದಿಷ್ಟೂ ಕತ್ತರಿಸದೆ ಕೂರುತ್ತದೆ, 16×20 ಆದರೆ ಉದ್ದದಲ್ಲಿ ಬದಿ ಹೋಗುತ್ತದೆ. ಮಳೆಗಾಲವಾದ್ದರಿಂದ ಪ್ರಿಂಟಿನ ಮೇಲಂಚಿಗೆ ಮಾತ್ರ ಟೇಪ್ ಹಾಕಿಸಿದರು. ನಾಲ್ಕೂ ಬದಿ ಅಂಟಿಸಿದರೆ ತೇವಕ್ಕೆ ಹಿಗ್ಗಿದ ಕಾಗದಕ್ಕೆ ಜಾಗವಿಲ್ಲದೆ ಉಬ್ಬುತ್ತದೆ. ಕೊನೆಯ ದಿನದವರೆಗೆ ಒಂದೂ ಉಬ್ಬಲಿಲ್ಲ ಮೇಷ್ಟ್ರೇ.

ಚಿತ್ರಗಳಲ್ಲಿ ಇರುವವರಿಗಾಗಿ ಒಂದೊಂದು ಪ್ರತಿ ಫ್ರೇಮ್ ಅಂಗಡಿಯಲ್ಲಿ ಇಟ್ಟಿದ್ದೇವೆ. ಗುರುತು ಸಿಕ್ಕವರಿಗೆ ದಯವಿಟ್ಟು ತಿಳಿಸಿ, ಬಂದು ತೆಗೆದುಕೊಂಡು ಹೋಗಲಿ. ದುಡ್ಡು ಕೊಡಬೇಕಿಲ್ಲ. ಅಜ್ಜಿಯ ಪ್ರತಿ ಇನ್ನೂ ಅಲ್ಲೇ ಇದೆ.