ಮಗಳಿಗೊಂದು ಪತ್ರ: ನಳ ಬರುತ್ತಿದ್ದ ಊರು

ಚಿ. ಸೌ. ವಸುಧಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನಾವಿಬ್ಬರೂ ಧಾರವಾಡದಿಂದ ಕ್ಷೇಮವಾಗಿ ಶಿವಮೊಗ್ಗಕ್ಕೆ ಬಂದೆವು. ಮದುವೆಯಾದ ಹೊಸತರಲ್ಲಿ, 1989ರಿಂದ ಮೂರು ವರ್ಷ, ಸಂಸಾರ ಹೂಡಿದ್ದ ಊರನ್ನು ಇಷ್ಟು ಕಾಲದ ಮೇಲೆ ನೋಡಿಬಂದ ಸುದ್ದಿಯನ್ನು ಫೋನಿನಲ್ಲಿ ಹೇಳಹೊರಟರೆ ನಿನ್ನ ಅಪ್ಪ ನಡುವೆ ಬಾಯಿ ಹಾಕಿ ತಮ್ಮ ಧಾರವಾಡವನ್ನೇ ಹೇಳುತ್ತಾರೆ. ಅದಕ್ಕೇ ಈ ಪತ್ರ.

ಅವರ ಧಾರವಾಡ ನಿನಗೆ ಬಾಯಿಪಾಠವಾಗಿದೆ. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಸಭೆಗಳು, ಸಾಹಿತಿಗಳು ಕೂಡುತ್ತಿದ್ದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ, ಮುಂಜಾನೆ ರೇಡಿಯೋದಲ್ಲಿ ಮಲ್ಲಿಕಾರ್ಜುನ ಮನ್ಸೂರರ ದನಿ. ಮನ್ಸೂರರು ತೀರಿಕೊಂಡ 1992ರಲ್ಲೇ ನಾವೂ ಊರು ಬಿಟ್ಟೆವು. ಎರಡಕ್ಕೂ ಸಂಬಂಧವಿದೆಯೇನೋ ಎಂಬಂತೆ ನಿನ್ನ ಅಪ್ಪ ಹೇಳುವುದನ್ನು ನೀನೂ ಕೇಳಿದ್ದೀಯೆ. ಈ ಸಲ ಮನ್ಸೂರರ ‘ಮೃತ್ಯುಂಜಯ’ ಮನೆಗೆ ಹೋದಾಗ ತಂಬೂರಿಯ ಮುಂದೆ ಕೈಕಟ್ಟಿ ನಿಂತವರು ನಾನು ಎರಡು ಸಲ ಕರೆದರೂ ಅಲುಗಾಡಲಿಲ್ಲ. ಅದೆಲ್ಲ ನಿಜವೇ. ಆದರೆ ಅವರು ಸಭೆಗಳಲ್ಲಿ ಕುಳಿತಿದ್ದ ಸಂಜೆಗಳಲ್ಲಿ ಮನೆಯಲ್ಲಿ ನೀರಿಗೆ ಕಾದವಳು ನಾನು.

ಮಾಳಮಡ್ಡಿಯ ಒಂದು ಹೆಂಚಿನ ಮನೆಯ ಹಿಂಭಾಗದ ಎರಡು ಖೋಲಿಗಳು ನಮ್ಮವು. ಕೊಳಾಯಿಗೆ ಅಲ್ಲಿ ‘ನಳ’ ಎನ್ನುತ್ತಾರೆ. ಅದು ಬರುತ್ತಿದ್ದುದು ನಾಲ್ಕೈದು ದಿನಕ್ಕೊಮ್ಮೆ, ಅದೂ ಹೆಚ್ಚಾಗಿ ಅಪರಾತ್ರಿಯಲ್ಲಿ. ನೀರಿಗೆ ಮೇಲೇರುವಷ್ಟು ಒತ್ತಡವಿರದ ಕಾರಣ ಅಂಗಳದಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ಅದರೊಳಗೆ ನಳ ಕೂಡಿಸಿ, ಬಾಯಿಗೆ ಬಿಳಿಯ ಅರಿವೆ ಕಟ್ಟಿದ್ದರು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ಬೆರಳು ಗಾತ್ರದ ತಿಳಿ ಧಾರೆ. ಪಕ್ಕದ ಮನೆಯಿಂದ “ಅಕ್ಕಾರ, ನಳ ಬಂದಾವ್ರೀ!” ಎಂಬ ಕೂಗು ಕೇಳಿದೊಡನೆ ಇಬ್ಬರೂ ಎದ್ದು ಓಡುತ್ತಿದ್ದೆವು. ಅವರು ಗುಂಡಿಗಿಳಿದು ಕೊಡ ಎತ್ತಿಕೊಟ್ಟರೆ ನಾನು ಒಯ್ದು ಹಂಡೆಗೆ ಸುರಿಯುತ್ತಿದ್ದೆ. ಹಂಡೆ, ಕೊಡ, ಬಕೆಟ್ಟು, ಚರಿಗೆಗಳೆಲ್ಲ ತುಂಬಿದ ಮೇಲೂ ನೀರು ನಿಲ್ಲದಿದ್ದರೆ ಇಡ್ಲಿ ಪಾತ್ರೆಯನ್ನೂ ತರುತ್ತಿದ್ದೆ.

ನಮ್ಮದು ಹಿರಿಯರು ಕೂಡಿಸಿದ ಮದುವೆ. ಹಗಲಿನಲ್ಲಿ ಎದುರೆದುರು ಕುಳಿತು ಮಾತನಾಡಲು ಇಬ್ಬರಿಗೂ ಸಂಕೋಚ. ಆದರೆ ಒಂದು ಕೊಡ ತುಂಬುವುದನ್ನು ನೋಡುತ್ತ ಕತ್ತಲಲ್ಲಿ ನಿಂತಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪಿಯುಸಿಯಲ್ಲಿ ಗಣಿತದಲ್ಲಿ ನಪಾಸಾಗಿದ್ದನ್ನು ತಿಂಗಳುಗಟ್ಟಲೆ ನಿನ್ನ ಅಜ್ಜನಿಂದ ಮುಚ್ಚಿಟ್ಟಿದ್ದ ಕಥೆಯನ್ನು ಅವರು ನನಗೆ ಹೇಳಿದ್ದು ಆ ಗುಂಡಿಯೊಳಗಿಂದಲೇ. ಹೆಣ್ಣು ನೋಡಲು ಬಂದ ದಿನ ಅವರ ಮೀಸೆ ನನಗೆ ಒಂದಿಷ್ಟೂ ಹಿಡಿಸಿರಲಿಲ್ಲವೆಂದು ನಾನೂ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಮೀಸೆ ಇರಲಿಲ್ಲ.

ಈಗ ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿದರೆ ತನ್ನದೇ ದಾರಿಯಲ್ಲಿ ತಂಪಾಗಿ ತಂದು ಇಳಿಸುತ್ತದೆ. ಮಾಳಮಡ್ಡಿಯಲ್ಲಿ ನಮ್ಮ ಮನೆ ತಿರುವಿನಿಂದ ಮೂರನೆಯದೋ ನಾಲ್ಕನೆಯದೋ ಎಂದು ನಡುಬೀದಿಯಲ್ಲಿ ನಿಂತು ಜಗಳವಾಡಿದೆವು. ಜಗಳ ಬಗೆಹರಿಯುವಂತಿರಲಿಲ್ಲ, ಎರಡೂ ಜಾಗ ಸೇರಿಸಿ ಅಪಾರ್ಟ್‌ಮೆಂಟ್ ಎದ್ದಿದೆ. ಕಾವಲುಗಾರನ ಬಳಿ ಇವರು ಹಳೆಯ ಮಾಲೀಕರ ವಿಷಯ ಕೇಳಿದರೆ ನಾನು ನೀರಿನ ವಿಷಯ ಕೇಳಿದೆ. “ನಳ ಬಂದಾಗ ಟಾಕಿ ತುಂಬಸ್ತೀವ್ರಿ, ಸಾಲದಿದ್ರ ಬೋರು ಐತ್ರಿ” ಎಂದ. ಸಾಧನಕೇರಿ, ಎಮ್ಮಿಕೇರಿ, ಕೊಪ್ಪದಕೇರಿ ಎಂದು ಓಣಿಓಣಿಗೆ ಕೆರೆಯ ಹೆಸರಿಟ್ಟುಕೊಂಡ ಈ ಊರು ಸವದತ್ತಿಯ ಹತ್ತಿರದ ಮಲಪ್ರಭೆಯಿಂದ ಕುಡಿಯುವ ನೀರು ತರಿಸಿಕೊಳ್ಳುತ್ತದೆಂಬುದು ನನಗೆ ಆಗಲೂ ಸೋಜಿಗವಾಗಿತ್ತು. ಬೇಂದ್ರೆಯವರ ಮನೆಯೆದುರು ಸಾಧನಕೇರಿಯ ಕೆರೆಯಾದರೂ ಇನ್ನೂ ಉಳಿದಿದೆ. ಅಲ್ಲಿ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೆವು, ಹೆಚ್ಚೇನೂ ಮಾತನಾಡಲಿಲ್ಲ.

ಆ ರಾತ್ರಿ ವಸತಿಗೃಹದ ಸ್ನಾನದ ಮನೆಯಲ್ಲಿ ನಾನು ಕೈ ತೊಳೆಯುತ್ತಿದ್ದೆ, ಎರಡು ಗಂಟೆಯಿರಬಹುದು. ನೀರಿನ ಸದ್ದಿಗೆ ಇವರು ನಿದ್ದೆಗಣ್ಣಿನಲ್ಲೇ ಎದ್ದು ಕುಳಿತು “ನಳ ಬಂತೇನೇ?” ಎಂದರು. ಬಂತು ಎಂದೆ. ಮತ್ತೆ ಇಬ್ಬರೂ ಮಲಗಲಿಲ್ಲ. ಮೂವತ್ತು ವರ್ಷಗಳಿಂದ ನನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯನ್ನು ಅವರು ಹೇಳಿದರು, ಅದು ನಿನಗಲ್ಲ.

ಬೆಂಗಳೂರಿನಲ್ಲಿ ಟ್ಯಾಂಕರ್ ಬರಲಿಲ್ಲವೆಂದು ನೀನು ಹೋದ ವಾರ ಗೋಳಾಡಿದ್ದು ನೆನಪಿದೆ. ಅಳಿಯಂದಿರಿಗೆ ಒಂದು ಬಕೆಟ್ಟು ಹಿಡಿಸು. ಲೈನ್ ಬಜಾರಿನಲ್ಲಿ ಸಾಲಿನಲ್ಲಿ ನಿಂತು ತಂದ ಪೇಢೆಯನ್ನು ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಡಬ್ಬಿಯಲ್ಲಿ ನಾಲ್ಕು ಕಡಿಮೆ ಕಂಡರೆ ನಿನ್ನ ಅಪ್ಪನನ್ನು ಕೇಳು.

ಇಂತಿ,
ನಿನ್ನ ಅಮ್ಮ