ನಡುಕ ನಿಲ್ಲಲಿಲ್ಲವೆಂದು ಮಾತ್ರೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಪಾರ್ಕಿನ್ಸನ್ ಕಾಯಿಲೆಯ ಮಾತ್ರೆ ನುಂಗಿದರೂ ಕೈನಡುಕ ಹೋಗಲಿಲ್ಲವೆಂದು ಬೇಸತ್ತು ಔಷಧಿಯನ್ನೇ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಿದುಳಿನ ಆಳದಲ್ಲಿ ಚಲನೆಗೆ ನೆರವಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುವುದು ಈ ಕಾಯಿಲೆಯ ಮುಖ್ಯ ಲಕ್ಷಣ. 1960ರಲ್ಲಿ ವಿಯೆನ್ನಾದ ವಿಜ್ಞಾನಿ ಓಲೆ ಹಾರ್ನಿಕೀವಿಚ್ ಡೋಪಮೈನ್ ಕೊರತೆಯನ್ನು ತೋರಿಸಿಕೊಟ್ಟ ಮೇಲೆ, ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಔಷಧಿಯ ಚಿಕಿತ್ಸೆಗೆ ದಾರಿಯಾಯಿತು. ನಮ್ಮ ನಸುಗುನ್ನಿ ಬೀಜದಲ್ಲಿರುವುದೂ ಇದೇ ಲೆವೊಡೋಪಾ. (ಹಾಗೆಂದು ವೈದ್ಯರನ್ನು ಕೇಳದೆ ಅದರ ಪುಡಿ ತಿನ್ನುವುದು ಬೇಡ, ಪ್ರಮಾಣದ ಅಂದಾಜು ಸಿಗುವುದಿಲ್ಲ.)

ಆದರೆ ನಡುಕಕ್ಕೆ ಡೋಪಮೈನ್ ಒಂದೇ ಕಾರಣವಲ್ಲ. ಮೈಬಿಗಿತ, ನಿಧಾನಗತಿ ಆ ಕೊರತೆಗೆ ತಕ್ಕಂತೆ ಹೆಚ್ಚುತ್ತವೆ. ನಡುಕ ಅಷ್ಟು ನೇರವಾಗಿ ಅದನ್ನು ಅನುಸರಿಸುವುದಿಲ್ಲ. ಮಿದುಳಿನ ಇತರ ರಾಸಾಯನಿಕಗಳಾದ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳ ಏರುಪೇರೂ ಇದರಲ್ಲಿ ಸೇರಿರುವಂತೆ ಸಂಶೋಧನೆಗಳು ಸೂಚಿಸುತ್ತವೆ. ಹಾಗಾಗಿಯೇ ಕೆಲವರಿಗೆ ಅದೇ ಮಾತ್ರೆಯಿಂದ ನಡಿಗೆ ಸಲೀಸಾದರೂ ನಡುಕ ಉಳಿದುಬಿಡುತ್ತದೆ.

ಗಮನಿಸಿ ನೋಡಿ: ತೊಡೆಯ ಮೇಲೆ ಸುಮ್ಮನಿಟ್ಟ ಕೈಯಲ್ಲಿ ಹೆಬ್ಬೆರಳು, ತೋರುಬೆರಳು ಉಜ್ಜಿಕೊಳ್ಳುತ್ತಾ ಸೆಕೆಂಡಿಗೆ 4ರಿಂದ 6 ಬಾರಿ ಅದುರುತ್ತವೆ. ಕಾಫಿ ಲೋಟಕ್ಕೆ ಕೈ ಚಾಚಿದಾಗ ಅದುರು ತಗ್ಗುತ್ತದೆ. ನಾಲ್ಕು ಜನ ನೋಡುತ್ತಿದ್ದಾರೆಂಬ ಆತಂಕವಾದರೆ ಮತ್ತೆ ಜೋರಾಗುತ್ತದೆ. ಮದುವೆಮನೆಯಲ್ಲಿ ‘ಕುಡಿತ ಇರಬೇಕು’ ಎಂದು ಪಿಸುಗುಟ್ಟುವವರು ಆ ಕೈಯನ್ನು ಇನ್ನಷ್ಟು ನಡುಗಿಸುತ್ತಾರೆ, ಇದು ಕ್ರೂರ.

ಮಾತ್ರೆ ಬದಲಿಸುವುದು, ಪ್ರಮಾಣ ಹೊಂದಿಸುವುದು ನರರೋಗ ತಜ್ಞರ ಕೆಲಸ. ಒಮ್ಮೆಲೇ ನಿಲ್ಲಿಸಿದರೆ ತೀವ್ರ ಜ್ವರ, ವಿಪರೀತ ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು.

– ಓರ್ವ ಓದುಗ, ಶಿವಮೊಗ್ಗ